ಕದ್ದದ್ದಕ್ಕೆ ಮರ್ಯಾದೆ, ಕೊಟ್ಟದ್ದಕ್ಕೆ ಅನುಮಾನ

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಮಂದಿ ನಾವು. ಬೆಳಗಾವಿಯ ಖಡೇಬಜಾರಿನಲ್ಲಿ ಕುಂದಾ ಕೊಳ್ಳುವ ಮೊದಲು ‘ರುಚಿ ನೋಡತೀನ್ರಿ’ ಎಂದು ಎರಡು ಚಮಚೆ ಹೊಡೆಯಲು ನಮಗೇನೂ ಸಂಕೋಚವಿಲ್ಲ. ಸಾಫ್ಟ್‌ವೇರ್ ಪುಕ್ಕಟೆ ಎಂದರೆ ಮಾತ್ರ ಮೂಗು ಮುರಿಯುತ್ತೇವೆ! ಖಾನಾಪುರ ರಸ್ತೆಯ ಬಸ್ಸಿನಲ್ಲಿ ಕಾಲೇಜಿನ ಪ್ರಾಜೆಕ್ಟ್ ಮಾಡುವ ಹುಡುಗನೊಬ್ಬನನ್ನು ಮಾತಿಗೆಳೆದು ನೋಡಿ.

‘ಗ್ರಾಫ್ ಯಾವುದರಾಗ ತಗದಿ ತಮ್ಮಾ?’

‘ಮ್ಯಾಟ್‌ಲ್ಯಾಬ್‌ದಾಗ್ರಿ ಕಾಕಾ.’

‘ರೊಕ್ಕಾ ಕೊಟ್ಟು ತಗೊಂಡಿ?’

‘ಛೇ, ದೋಸ್ತ ಕ್ರ್ಯಾಕ್ ಮಾಡಿದ್ದು ಕೊಟ್ಟಾನ್ರಿ.’

‘ಆಕ್ಟೇವ್ ಐತೆಲ್ಲೊ, ಪುಕ್ಕಟೆ?’

‘ಪುಕ್ಕಟೇದ್ದು ಹೆಂಗಿರತೈತೋ ಏನೋ, ಬಿಡ್ರಿ!’

ಆ ಆಕ್ಟೇವ್ ಅನ್ನು 1992ರಲ್ಲಿ ಬರೆಯಲು ಕೂತವನು ಅಮೆರಿಕದ ಜಾನ್ ಈಟನ್. ತನಗೆ ಕೆಮಿಕಲ್ ಎಂಜಿನಿಯರಿಂಗ್ ಕಲಿಸಿದ ಮೇಷ್ಟ್ರು ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರನ್ನೇ ಅದಕ್ಕಿಟ್ಟ. ನಾವೋ, ಗುರುಗಳಿಗೆ ಶಾಲು ಹೊದಿಸಿ, ಫೋಟೊ ಹಾಕಿ ಕೈತೊಳೆದುಕೊಳ್ಳುವವರು! ರೊಕ್ಕ ಕೊಟ್ಟು ಕೊಳ್ಳಬೇಕಾದ ಮ್ಯಾಟ್‌ಲ್ಯಾಬ್‌ಗೆ ಬರೆದ ಲೆಕ್ಕಗಳು ಬಹುಮಟ್ಟಿಗೆ ಆಕ್ಟೇವ್‌ನಲ್ಲೂ ಓಡುತ್ತವೆ.

ಬರೀ ಗ್ರಾಫ್ ಸಾಕೆಂದರೆ 1986ರಿಂದಲೂ ಗ್ನುಪ್ಲಾಟ್ ಇದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಲೆಕ್ಕ ತನ್ನಿ. ಒಂದು ಕಾಲಮ್ಮಿನಲ್ಲಿ ತಿಂಗಳು, ಇನ್ನೊಂದರಲ್ಲಿ ಮಿಲಿಮೀಟರ್. ‘ಪ್ಲಾಟ್’ ಎಂದು ಬರೆದು, ಫೈಲಿನ ಹೆಸರು ಕೊಟ್ಟು, ‘ವಿತ್ ಬಾಕ್ಸಸ್’ ಎನ್ನಿ. ಜುಲೈನ ಕಂಬ ದಿಗ್ಗನೆ ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಬೆಳಗಾವಿಯದನ್ನು ನಿಲ್ಲಿಸಿದರೆ ಮೊಣಕಾಲಿಗೂ ಬರುವುದಿಲ್ಲ. ಸಹ್ಯಾದ್ರಿ ಮೋಡಗಳನ್ನು ತಡೆದು ಖಾನಾಪುರದ ಕಾಡಿನಲ್ಲೇ ಹಿಂಡಿಕೊಂಡ ಮೇಲೆ ಊರಿಗೆ ಉಳಿಯುವುದೆಷ್ಟು? ಗುಂಡಿ ಒತ್ತಿಯೇ ರೂಢಿಯಾದವರಿಗೆ ಲ್ಯಾಬ್‌ಪ್ಲಾಟ್ ಇದೆ, ಅದೂ ಪುಕ್ಕಟೆಯೇ.

ಆದರೆ ಒಂದು ಸಾಲು ಬರೆಯುವುದರಲ್ಲೇ ಲಾಭ. ಮೌಸ್ ಹಿಡಿದು ಎಳೆದಾಡಿ ಮಾಡಿದ ಗ್ರಾಫಿಗೆ ನಿನ್ನೆ ಏನೇನು ಒತ್ತಿದ್ದೆ ಎಂಬುದು ಒತ್ತಿದವನಿಗೇ ನೆನಪಿರುವುದಿಲ್ಲ. ಬರೆದಿಟ್ಟ ಸಾಲನ್ನು ಯಾರು, ಯಾವಾಗ ಓಡಿಸಿದರೂ ಅದೇ ಚಿತ್ರ. ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂಬುದೂ ಗೊತ್ತಾಗುತ್ತದೆ. ಕೆಲವರಿಗೆ ಬೇಡವಾದದ್ದು ಅದೇ ಇರಬೇಕು!

‘ಕಲಿಸೋರು ಯಾರ್ರಿ?’ ಎನ್ನಬೇಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಇಂಥ ಮುಕ್ತ ತಂತ್ರಾಂಶಗಳ ಪಾಠಗಳಿವೆ, ಕನ್ನಡದಲ್ಲೂ ಇವೆ. ಮುಂದಿನ ವೈವಾಕ್ಕೆ ಗ್ರಾಫಿನ ಜತೆ ಅದನ್ನು ಬರೆಸಿದ ಸಾಲುಗಳನ್ನೂ ಇಡಿ. ‘ಇದನ್ನ ನೀನ ಮಾಡೀಯೇನಪಾ?’ ಎಂದು ಪರೀಕ್ಷಕರು ಕೇಳಿದರೆ ತೋರಿಸಲು ಬೇರೆ ಸಾಕ್ಷಿ ಬೇಕಿಲ್ಲ.