ಗೃಹಾಕ್ಷರ ಮೀಮಾಂಸೆ: ಮಂಗಳೂರಿನ ಶಿಶುವಿನ ಓದು ಮತ್ತು ಎಣಿಕೆಯ ಮೇಲೊಂದು ಅಧಿಕರಣ

ಶಿಶುವಿಗೆ ಮನೆಯಲ್ಲಿಯೇ ಓದನ್ನೂ ಎಣಿಕೆಯನ್ನೂ ಹೇಳಿಕೊಡುವ ವಿದ್ಯೆಯನ್ನು ಗೃಹಾಕ್ಷರಶಾಸ್ತ್ರವೆಂದು ಕರೆಯಬಹುದಾಗಿದ್ದು, ಅದರ ಅಧ್ಯಯನಕ್ಕೆ ಮಂಗಳೂರು ನಗರಕ್ಕಿಂತ ಯೋಗ್ಯವಾದ ಕ್ಷೇತ್ರ ಬೇರೊಂದಿಲ್ಲ. ಏಕೆಂದರೆ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದೂ, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದೂ, ಮಕ್ಕಳಿಗಾಗಿ ಹಾಡು ಕಟ್ಟಿದ ಪಂಜೆ ಮಂಗೇಶರಾಯರು ಪಾಠ ಹೇಳಿದ್ದೂ ಇಲ್ಲಿಯೇ. ಇಷ್ಟೊಂದು ಅಕ್ಷರಸಂಪತ್ತುಳ್ಳ ಊರಿನಲ್ಲಿ ಮೂರೂವರೆ ವರ್ಷದ ಕೂಸು ‘ಕ’ಕಾರವನ್ನು ಗುರುತಿಸದೆ ಹೋದರೆ ಮನೆಮಂದಿ ನಿದ್ದೆಗೆಡುವುದು ಶಾಸ್ತ್ರಸಮ್ಮತವೇ ಆಗಿದೆ. ಪ್ರಸ್ತುತ ಚರ್ಚೆಯನ್ನು ಅಧಿಕರಣದ ರೂಪದಲ್ಲಿ, ಎಂದರೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಐದು ಅಂಗಗಳಲ್ಲಿ ಮಂಡಿಸಲಾಗಿದೆ.

ವಿಷಯ. ಇಲ್ಲಿ ಶಿಶುವೆಂದರೆ ಎಲ್‌ಕೆಜಿಯ ಸಂದರ್ಶನಕ್ಕೆ ಹೊಸ ಅಂಗಿ ಹೊಲಿಸಿಕೊಂಡಿರುವ ಜೀವಿ. ಇದು ಅಜ್ಜಿಯೊಡನೆ ‘ಒಂಜಿ, ರಡ್ಡ್, ಮೂಜಿ’ ಎಂದೂ, ಕೊಂಕಣಿ ಮಾತಾಡುವ ಪಕ್ಕದ ಮನೆಯವರೊಡನೆ ‘ಏಕ್, ದೋನ್, ತೀನ್’ ಎಂದೂ, ನೆಂಟರು ಬಂದಾಗ ಅಮ್ಮನ ಕಣ್ಸನ್ನೆಯ ಮೇರೆಗೆ ‘ವನ್, ಟೂ, ತ್ರೀ’ ಎಂದೂ ಎಣಿಸುತ್ತದೆ.

ಸಂಶಯ. ಈ ಶಿಶು ಕಲಿಯುವುದು ಹಿರಿಯರ ಪ್ರಯತ್ನದಿಂದಲೋ, ಅವರ ಪ್ರಯತ್ನವನ್ನು ಸಹಿಸಿಕೊಂಡೋ?

ಪೂರ್ವಪಕ್ಷ. ಪ್ರಯತ್ನದಿಂದಲೇ ಎನ್ನುವವರಲ್ಲಿ ಮೂರು ಪಂಗಡಗಳಿವೆ. ಮೊದಲನೆಯವರು ಭಿತ್ತಿವಾದಿಗಳು, ಎಂದರೆ ಗೋಡೆಗೆ ವರ್ಣಮಾಲೆಯ ಪಟ ಅಂಟಿಸಿದರೆ ಅಕ್ಷರಗಳು ರಾತ್ರಿ ಇಳಿದುಬಂದು ಮಗುವಿನ ತಲೆಯನ್ನು ಸೇರುತ್ತವೆಂದು ನಂಬಿದವರು. ಹದಿಮೂರು ಸ್ವರ, ಎರಡು ಯೋಗವಾಹ, ಮೂವತ್ತನಾಲ್ಕು ವ್ಯಂಜನ ಸೇರಿ 49 ಅಕ್ಷರಗಳಾಗುತ್ತವೆ. ಅಲ್ಲಿಗೆ ತೃಪ್ತರಾಗದ ಇವರು ಪ್ರತಿ ವ್ಯಂಜನಕ್ಕೆ ಹದಿನೈದರಂತೆ 510 ಕಾಗುಣಿತ ರೂಪಗಳನ್ನು, ಎಡಗಾಲ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಳ್ಳುವ ವಯಸ್ಸಿನಲ್ಲಿಯೇ ಒಪ್ಪಿಸಬೇಕೆನ್ನುತ್ತಾರೆ. ಪಟದಲ್ಲಿ ‘ಋ’ಕಾರದ ಎದುರು ಕುಳಿತ ಋಷಿಯನ್ನು ಮಗು ಎಂದೂ ಕಂಡಿಲ್ಲ, ಬಂಗುಡೆಯನ್ನು ದಿನವೂ ಕಾಣುತ್ತದೆ, ಆದರೆ ಪಟ ಬರೆದವರು ಘಟ್ಟದ ಮೇಲಿನವರಾದುದರಿಂದ ‘ಬ’ಕಾರದ ಎದುರು ಬಂಗುಡೆ ಬರುವುದಿಲ್ಲ. ಎರಡನೆಯವರಾದ ಪರದೆವಾದಿಗಳು ಮೊಬೈಲನ್ನೇ ಗುರುವೆಂದು ವರಿಸಿದ್ದು, ಇದರಿಂದ ಹಿರಿಯರಿಗೆ ದೊರೆಯುವ ವಿಶ್ರಾಂತಿಯನ್ನು ಮಗುವಿನ ಪ್ರಗತಿಯೆಂದು ಲೆಕ್ಕ ಬರೆಯುತ್ತಾರೆ. ಮೂರನೆಯವರಾದ ಮುಹೂರ್ತವಾದಿಗಳು ವಿಜಯದಶಮಿಯಂದು ದೇವಸ್ಥಾನದಲ್ಲಿ ಕೂಸಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸಿ ಕೃತಾರ್ಥರಾಗುತ್ತಾರೆ. ಬರೆದ ಅಕ್ಕಿ ಮನೆಗೆ ಬಂದರೂ ಬರೆದ ಅಕ್ಷರ ಜೊತೆಯಲ್ಲಿ ಬರುವುದಿಲ್ಲವೆಂಬುದೊಂದೇ ಈ ಮತದ ಕೊರತೆ.

ಸಿದ್ಧಾಂತ. ತನ್ನ ಪಾಲಿಗೆ ಏನಾದರೂ ದಕ್ಕುವ ಅಥವಾ ತಪ್ಪುವ ಸಂಭವವಿದ್ದಲ್ಲಿ ಮಾತ್ರ ಶಿಶು ಓದುತ್ತದೆ, ಎಣಿಸುತ್ತದೆ. ಇದಕ್ಕೆ ಪಾಲುನ್ಯಾಯವೆಂದು ಹೆಸರು. ಓದಿನಲ್ಲಿ ಇದರ ನಿದರ್ಶನ ಹಂಪನಕಟ್ಟೆಯಲ್ಲಿ ದೊರೆಯುತ್ತದೆ: ಗೋಡೆಯ ಪಟದಲ್ಲಿ ‘ಐ’ಕಾರವನ್ನು ಕಂಡು ಆಕಳಿಸುವ ಕೂಸು, ಓಡುವ ಬಸ್ಸಿನ ಕಿಟಕಿಯಿಂದಲೇ ಐಸ್‌ಕ್ರೀಮ್ ಅಂಗಡಿಯ ಫಲಕವನ್ನು ಓದಿಬಿಡುತ್ತದೆ. ಅದು ಗುರುತಿಸಿದ್ದು ಬಣ್ಣವನ್ನೂ ಆಕಾರವನ್ನೂ ಹೊರತು ಅಕ್ಷರವನ್ನಲ್ಲ ಎಂಬ ಆಕ್ಷೇಪ ನಿಜವೇ. ಮನಶ್ಶಾಸ್ತ್ರಜ್ಞೆ ಉಟಾ ಫ್ರಿತ್ 1985ರಲ್ಲಿ ವಿವರಿಸಿದ ಓದಿನ ಮೂರು ಹಂತಗಳಲ್ಲಿ ಹೀಗೆ ಇಡೀ ಪದವನ್ನು ಚಿತ್ರದಂತೆ ಹಿಡಿಯುವುದು ಮೊದಲನೆಯದು, ಅಕ್ಷರಕ್ಕೆ ಧ್ವನಿಯನ್ನು ಹೊಂದಿಸುವುದು ಎರಡನೆಯದು. ಅದೇ ಪದವನ್ನು ಮನೆಯಲ್ಲಿ ಪೆನ್ಸಿಲಿನಲ್ಲಿ ಬರೆದು ತೋರಿಸಿ, ಓದಿದರೆ ಸಂಜೆ ಹೋಗೋಣವೆಂದಲ್ಲಿ ಎರಡನೆಯ ಹಂತ ತಾನಾಗಿಯೇ ಆರಂಭವಾಗುತ್ತದೆ.

ಎಣಿಕೆಯ ವಿಚಾರ ಇದಕ್ಕಿಂತ ಗಹನವಾದುದು. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲಿ ಎಣಿಕೆಗೆ ಐದು ತತ್ತ್ವಗಳನ್ನು ಹೇಳಿದ್ದು, ಒಂದು ವಸ್ತುವಿಗೆ ಒಂದೇ ಸಂಖ್ಯೆಯ ಹೆಸರು ಸಲ್ಲಬೇಕೆಂಬುದೂ, ಕೊನೆಗೆ ಹೇಳಿದ ಹೆಸರೇ ಒಟ್ಟು ಮೊತ್ತವೆಂಬುದೂ ಅವುಗಳಲ್ಲಿ ಮುಖ್ಯವಾದವು. ನೂರರವರೆಗೆ ಗಿಳಿಪಾಠ ಒಪ್ಪಿಸುವ ಮಗುವಿಗೂ ಎರಡನೆಯ ತತ್ತ್ವ ತಿಳಿಯದೆ ಇರಬಹುದು. ಅಂಥ ಮಗು ಬಟ್ಟಲಿನ ಗೋಳಿಬಜೆಗಳನ್ನು ಐದರವರೆಗೆ ಎಣಿಸಿ, ‘ಎಷ್ಟಿವೆ?’ ಎಂದು ಕೇಳಿದೊಡನೆ ಪುನಃ ಒಂದರಿಂದ ಆರಂಭಿಸುತ್ತದೆ. ಮಾವ ಅದರಲ್ಲೊಂದನ್ನು ಬಾಯಿಗೆ ಹಾಕಿಕೊಂಡ ದಿನ ಮೊತ್ತವೆಂದರೇನೆಂಬುದು ಅಳುವಿನೊಡನೆ ಅರ್ಥವಾಗುತ್ತದೆ.

ತುಳುನಾಡು ಈ ತತ್ತ್ವಗಳನ್ನು ಮರದಲ್ಲಿ ಕೊರೆದು ಇಟ್ಟುಕೊಂಡಿದೆ. ಆಟಿ ತಿಂಗಳ ಮಳೆಯಲ್ಲಿ ಹೊರಬರುವ ಚೆನ್ನೆಮಣೆಯಲ್ಲಿ ಏಳೇಳರ ಎರಡು ಸಾಲಿನಂತೆ ಹದಿನಾಲ್ಕು ಗುಳಿಗಳಿದ್ದು, ಗುಳಿಗೆ ನಾಲ್ಕರಂತೆ 56 ಕಾಯಿಗಳನ್ನು ತುಂಬಿ ಆಟ ಆರಂಭಿಸಲಾಗುತ್ತದೆ. ಕೈಗೆತ್ತಿಕೊಂಡ ಕಾಯಿಗಳನ್ನು ಗುಳಿಗೊಂದರಂತೆ ಬಿತ್ತುತ್ತ ಹೋಗಬೇಕಾದುದರಿಂದ ಮೊದಲ ತತ್ತ್ವವನ್ನು ಮೀರಿದವನು ಆಟದಲ್ಲಿ ಕಳ್ಳನೆನಿಸುತ್ತಾನೆ. ಇಲ್ಲಿ ವಿಶೇಷವೇನೆಂದರೆ, ತನ್ನ ಕಾಯಿಗಳನ್ನು ಎಣಿಸುವಾಗ ಎಡವುವ ಶಿಶು, ಎದುರಿಗೆ ಕುಳಿತ ಅಜ್ಜ ಒಂದೇ ಗುಳಿಗೆ ಎರಡು ಕಾಯಿ ಹಾಕಿದರೆ ತಪ್ಪದೆ ಹಿಡಿಯುತ್ತದೆ.

ಪ್ರಯೋಜನ. ಆದುದರಿಂದ ಮನೆಯಲ್ಲಿ ಶಿಶುವಿನ ಗಣಿತ ಬೆಳೆಯಬೇಕೆಂದು ಬಯಸುವ ಹಿರಿಯರು ಕೈಯಲ್ಲಿನ ಕಡ್ಡಿಯನ್ನು ಬದಿಗಿಟ್ಟು, ಆಟವೊಂದಕ್ಕೆ ಒಂದು ಸಲದಂತೆ ಮೋಸ ಮಾಡುವುದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡತಕ್ಕದ್ದು. ಮೋಸವು ಸಿಕ್ಕಿಬೀಳುವಷ್ಟು ಒರಟಾಗಿಯೂ, ಬೇಕೆಂದೇ ಮಾಡಿದ್ದೆಂದು ತಿಳಿಯದಷ್ಟು ನಯವಾಗಿಯೂ ಇರಬೇಕು. ಈ ಹದ ಹಿರಿಯರಿಗೆ ಸಿದ್ಧಿಸುವುದಕ್ಕೆ ಬೇಕಾಗುವ ಕಾಲದಲ್ಲಿ ಮಗು ಸಾಮಾನ್ಯವಾಗಿ ಕೂಡುವುದನ್ನೂ ಕಳೆಯುವುದನ್ನೂ ಕಲಿತು ಮುಗಿಸಿರುತ್ತದೆ.