ಮಾಂತ್ರಿಕರ ರಾಜೀನಾಮೆ

ಅಕ್ಷರದಲ್ಲೇ ವೇಷ ಕಟ್ಟುವ ಆನ್‌ಲೈನ್ ಊರುಗಳಿಗೆ ಹೊಸದಾಗಿ ವಲಸೆ ಬರುವವರಲ್ಲಿ ಬಹುಪಾಲು ಜನ ಅನಾಥರು. ಅಪ್ಪ ಯುದ್ಧದಲ್ಲಿ ಹೋಗಿರುತ್ತಾನೆ, ಅಮ್ಮ ಹೆರಿಗೆಯಲ್ಲಿ. ಹುಟ್ಟಿದೂರಿಗೆ ಬೆಂಕಿ ಬಿದ್ದಿರುತ್ತದೆ. ಬದುಕುಳಿದ ಕೂಸಿಗೆ ಒಂದು ಕಣ್ಣು ಕೆಂಪು, ಇನ್ನೊಂದು ನೀಲಿ. ಪ್ರಾಯ ಹದಿನೇಳು, ಬಲ್ಲ ಕತ್ತಿವರಸೆ ಹದಿನೆಂಟು. ಮಾತು ಕಡಿಮೆ. ಮೈಯ ರಕ್ತದಲ್ಲಿ ಅರ್ಧ ದೇವತೆ, ಅರ್ಧ ರಾಕ್ಷಸ, ಜೊತೆಗೆ ತನಗೇ ಗೊತ್ತಿಲ್ಲದ ಯಾವುದೋ ಸಿಂಹಾಸನದ ಹಕ್ಕು. ಇಂಥ ಇನ್ನೂರು ಮಂದಿ ತುಂಬಿದ ರಾಜ್ಯದಲ್ಲಿ ಗದ್ದೆ ಉಳುವವರು ಯಾರು, ಗಂಜಿ ಬೇಯಿಸುವವರು ಯಾರು ಎಂಬ ಚಿಂತೆ ಯಾರಿಗೂ ಇಲ್ಲ. ಇರುವುದು ಒಬ್ಬನಿಗೆ ಮಾತ್ರ. ರಾತ್ರಿ ಊಟ ಮುಗಿಸಿ ಈ ಅರ್ಜಿಗಳನ್ನೆಲ್ಲ ಓದಿ, ‘ಸಿಂಹಾಸನ ಖಾಲಿಯಿಲ್ಲ, ದಯವಿಟ್ಟು ಕಮ್ಮಾರನಾಗಿ ಬರಬಹುದೇ’ ಎಂದು ವಿನಯದಿಂದ ಬರೆಯಬೇಕಾದ ಮಾಡರೇಟರಿಗೆ.

ಆಟ ಸರಳ. ‘ನನ್ನ ಪಾತ್ರ ಛತ್ರದ ಬಾಗಿಲು ದೂಡಿಕೊಂಡು ಒಳಗೆ ಬಂತು’ ಎಂದು ಒಬ್ಬ ಬರೆಯುತ್ತಾನೆ. ಮೂಲೆಯಲ್ಲಿ ಕೂತ ಇನ್ನೊಬ್ಬಳು ತಲೆ ಎತ್ತಿ ನೋಡಿದ್ದನ್ನು ಅವಳೇ ಬರೆಯುತ್ತಾಳೆ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಮಾತು. ತಾಳಮದ್ದಲೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಬಣ್ಣವಿಲ್ಲ, ಕುಣಿತವಿಲ್ಲ, ಶಾಲು ಹೊದ್ದು ಕೂತವರೇ ಕೃಷ್ಣ, ಅವರೇ ಕರ್ಣ. ಆದರೆ ಅಲ್ಲಿ ಪ್ರಸಂಗ ಎಂಬುದೊಂದಿದೆ. ಮಾತಿನಲ್ಲಿ ಕರ್ಣ ಎಷ್ಟೇ ಗೆದ್ದರೂ ಕೊನೆಗೆ ರಥದ ಗಾಲಿ ಹೂತುಹೋಗಲೇಬೇಕು. ವಾದ ಅತಿಯಾಯಿತೋ, ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆ ಮುಗಿಯಿತು. ಇಲ್ಲಿ ಪ್ರಸಂಗವಿಲ್ಲ, ಪದ್ಯವಿಲ್ಲ, ಸಾಯಲು ಒಪ್ಪುವ ಕರ್ಣನೂ ಇಲ್ಲ. ‘ಬಾಣ ಬಿಟ್ಟೆ, ನಿನ್ನ ಎದೆಗೆ ನಾಟಿತು’ ಎಂದರೆ ‘ಎದೆಯಲ್ಲಿದ್ದ ತಾಯಿತಕ್ಕೆ ತಾಗಿ ತಿರುಗಿ ನಿನ್ನ ಕಡೆಗೇ ಬಂತು’ ಎಂಬ ಉತ್ತರ. ಬಾಣ ಅಲ್ಲಿಗೂ ಇಲ್ಲಿಗೂ ಓಡಾಡಿ ಸುಸ್ತಾಗಿ, ಕೊನೆಗೆ ಇಬ್ಬರೂ ಮಾಡರೇಟರ್ ಬಾಗಿಲಿಗೆ ಬರುತ್ತಾರೆ. ಈ ರೋಗಕ್ಕೆ ಆ ಲೋಕದವರು ಗಾಡ್‌ಮಾಡಿಂಗ್ ಎನ್ನುತ್ತಾರೆ. ಇನ್ನೊಬ್ಬರ ಪಾತ್ರ ಏನು ಮಾಡಿತೆಂದು ತಾನೇ ಬರೆದರೆ ಅದು ಪವರ್‌ಪ್ಲೇ. ಪಾತ್ರಕ್ಕೆ ತಿಳಿದಿರಲು ಸಾಧ್ಯವೇ ಇಲ್ಲದ ಗುಟ್ಟನ್ನು ಆಟಗಾರ ಓದಿಕೊಂಡು ಬಂದು ಬಳಸಿದರೆ ಮೆಟಾಗೇಮಿಂಗ್.

ನಿಯಮಾವಳಿ ಹುಟ್ಟುವುದು ಹೀಗೆಯೇ. ಮೊದಲ ದಿನ ಒಂದೇ ಸಾಲು ಇರುತ್ತದೆ: ಎಲ್ಲರೂ ಪರಸ್ಪರ ಮರ್ಯಾದೆಯಿಂದ ನಡೆದುಕೊಳ್ಳಿ. ವರ್ಷ ತಿರುಗುವಷ್ಟರಲ್ಲಿ ಅದಕ್ಕೆ ಉಪನಿಯಮ, ಉಪನಿಯಮಕ್ಕೆ ವಿವರಣೆ, ವಿವರಣೆಗೆ ತಿದ್ದುಪಡಿ. ಕಾಲಯಾನ ಮಾಡಿ ಇನ್ನೊಬ್ಬರ ಅಜ್ಜನನ್ನು ಕೊಲ್ಲುವಂತಿಲ್ಲ. ಸತ್ತ ಪಾತ್ರದ ಅವಳಿ ತಮ್ಮ ಅದೇ ವಾರ ಊರಿಗೆ ಬರುವಂತಿಲ್ಲ. ಗಬ್ಬದ ಡ್ರ್ಯಾಗನ್‌ಗೆ ಪೂರ್ವಾನುಮತಿ ಕಡ್ಡಾಯ. ಹೊಸಬರು ಇದನ್ನು ಓದಿ ನಗುತ್ತಾರೆ. ಹಳಬರು ನಗುವುದಿಲ್ಲ. ನಿಯಮದ ಸಂಖ್ಯೆ ಹೇಳಿದರೆ ಸಾಕು, ಅದಕ್ಕೆ ಕಾರಣನಾದ ಮಹಾನುಭಾವನ ಹೆಸರು ಅವರ ಬಾಯಲ್ಲಿದೆ.

ಏನು ಬೇಕಾದರೂ ಆಗಬಹುದಾದ ಲೋಕ ಕೈಗೆ ಸಿಕ್ಕರೆ ಮನುಷ್ಯರು ಅಲ್ಲಿ ಮೊದಲು ಕಟ್ಟುವುದು ಅರಮನೆಯನ್ನಲ್ಲ, ಕಚೇರಿಯನ್ನು. ಇದು ಡಿಸ್ಕಾರ್ಡ್ ಎಂಬ ಹರಟೆತಾಣದ ಕಾಲದ ಪಡ್ಡೆಹುಡುಗರ ಹುಚ್ಚು ಎಂದುಕೊಂಡರೆ ತಪ್ಪು. ಡಿಸ್ಕಾರ್ಡ್ ಬಂದದ್ದು 2015ರಲ್ಲಿ. ಹುಚ್ಚಿನ ವಂಶಾವಳಿ ಅದಕ್ಕಿಂತ ಬಹಳ ಹಿಂದಿನದು.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಮಡ್ ಎಂಬ ಆಟ ಬರೆಯಲು ಕೂತ. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಹಲವರು ಒಂದೇ ಹೊತ್ತಿಗೆ ಒಂದೇ ಅಕ್ಷರಲೋಕದಲ್ಲಿ ಓಡಾಡುವ ಆಟ. ಅಂಕ ಸಾಕಷ್ಟು ಗಳಿಸಿದವರಿಗೆ ಅಲ್ಲಿ ಮಾಂತ್ರಿಕನ ಪದವಿ. ಮಾಂತ್ರಿಕನಿಗೆ ಸಿಗುತ್ತಿದ್ದ ವರಗಳಲ್ಲೊಂದು ‘ಸಾವಿನ ಬೆರಳು’. ಯಾರತ್ತ ತೋರಿಸಿದರೂ ಆ ಪಾತ್ರ ಖತಂ. ಭಸ್ಮಾಸುರನ ಕತೆ ಗೊತ್ತಿದ್ದ ನಾಡಿನಲ್ಲಾಗಿದ್ದರೆ ಇಂಥ ವರ ಕೊಡುವ ಮುಂಚೆ ಯಾರಾದರೂ ಒಂದು ಮೋಹಿನಿಯನ್ನು ತಯಾರಿಟ್ಟುಕೊಳ್ಳುತ್ತಿದ್ದರು. ಬಾರ್ಟಲ್ 1996ರ ಲೇಖನವೊಂದರಲ್ಲಿ ಆಟಗಾರರನ್ನು ನಾಲ್ಕು ಜಾತಿ ಮಾಡಿದ: ಸಾಧಿಸುವವರು, ಹುಡುಕಾಡುವವರು, ಬೆರೆಯುವವರು, ಕೊಲ್ಲುವವರು. ಐದನೆಯದೊಂದನ್ನು ಅವನು ಪಟ್ಟಿಗೆ ಸೇರಿಸಬೇಕಿತ್ತು ಎಂಬುದು ನನ್ನ ನಮ್ರ ಅಭಿಪ್ರಾಯ. ಅದು ಅರ್ಜಿ ಕೊಡುವವರ ಜಾತಿ.

ಈ ಐದನೆಯ ಜಾತಿಯ ಕಾಶಿ ಎಂದರೆ ಲ್ಯಾಂಬ್ಡಾಮೂ. ಆಗ ಝೆರಾಕ್ಸ್ ಕಂಪನಿಯದಾಗಿದ್ದ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಸಂಶೋಧನಾಲಯದಲ್ಲಿದ್ದ ಪಾವೆಲ್ ಕರ್ಟಿಸ್ 1990ರಲ್ಲಿ ಶುರು ಮಾಡಿದ ಊರು ಅದು. ಊರು ಎನ್ನುವುದಕ್ಕಿಂತ ಮನೆ. ತನ್ನ ಸ್ವಂತ ಮನೆಯ ನಕ್ಷೆಯನ್ನೇ ಅವನು ಅಕ್ಷರದಲ್ಲಿ ಇಳಿಸಿದ್ದ. ಒಳಗೆ ಬರುವವರು ಕೋಟು ನೇತುಹಾಕುವ ಕತ್ತಲ ಕಪಾಟಿನಲ್ಲಿ ಕಣ್ಣುಬಿಡಬೇಕು, ಬಾಗಿಲು ತೆರೆದರೆ ನಡುಮನೆ. ಅಲ್ಲೊಂದು ಕಾಕಟೂ ಗಿಳಿ, ಜನ ಆಡಿದ್ದನ್ನೇ ತಿರುಗಿ ಒದರುವುದು ಅದರ ಕಸುಬು. (ಆ ಊರಿನಲ್ಲಿ ಯಾವ ಆಸೆಯೂ ಇಲ್ಲದೆ ಸಾರ್ವಜನಿಕ ಚರ್ಚೆಯಲ್ಲಿ ಪಾಲ್ಗೊಂಡ ಏಕೈಕ ಜೀವಿ ಅದೇ ಇರಬೇಕು.) ಬಂದವರು ಗಂಡಾಗಬಹುದು, ಹೆಣ್ಣಾಗಬಹುದು, ಎರಡೂ ಅಲ್ಲದ್ದಾಗಬಹುದು. ತನ್ನನ್ನು ತಾನೇ ‘ನಾವು’ ಎಂದು ಕರೆದುಕೊಳ್ಳುವ ರಾಜಲಿಂಗವನ್ನೂ ಆರಿಸಿಕೊಳ್ಳಬಹುದಿತ್ತು.

ಕಲ್ಪನೆಗೆ ಕಟ್ಟಿಲ್ಲ, ನಿಜ. ಆದರೆ ಕಂಪ್ಯೂಟರಿನ ನೆನಪಿಗೆ ಇತ್ತು. ಒಂದು ಕೋಣೆ ಬರೆದರೂ ಅದಕ್ಕಿಷ್ಟು ಬೈಟು ಬೇಕು. ಹಾಗಾಗಿ ತಲೆಗಿಷ್ಟು ಎಂಬ ಕೋಟಾ ಬಂತು, ಕೋಟಾ ಹೆಚ್ಚಿಸಲು ನಿರ್ಮಾಣ ಪರಿಶೀಲನಾ ಮಂಡಳಿ ಬಂತು, ಆಮೇಲೆ ಮಂಡಳಿಗೆ ಚುನಾವಣೆಯೂ ಬಂತು. ಗಾಳಿಯಲ್ಲಿ ಗೋಪುರ ಕಟ್ಟುವುದಕ್ಕೂ ನಕ್ಷೆ ಮಂಜೂರಾತಿ! ಇಟ್ಟಿಗೆಯಿಲ್ಲ, ಸಿಮೆಂಟಿಲ್ಲ, ಆದರೂ ಕಡತ ಮೇಜಿನಿಂದ ಮೇಜಿಗೆ.

ಎಲ್ಲ ಕೀಲಿಕೈಗಳೂ ಇದ್ದದ್ದು ಅಲ್ಲಿನ ಮಾಂತ್ರಿಕರ ಹತ್ತಿರ, ಅಂದರೆ ಕರ್ಟಿಸ್ ಮತ್ತು ಅವನ ಒಂದಿಷ್ಟು ಜೊತೆಗಾರರ ಹತ್ತಿರ. ಅವನು ನನ್ನನ್ನು ಗೇಲಿ ಮಾಡಿದ, ಇವಳು ನನ್ನ ಕೋಣೆಗೆ ನುಗ್ಗಿದಳು, ಅವರ ಬೆಕ್ಕು ನಮ್ಮ ಜಗುಲಿಗೆ ಬಂತು ಎಂಬ ದೂರುಗಳನ್ನು ಕೇಳಿ ಕೇಳಿ ಅವರು ಬೇಸತ್ತರು. 1992ರ ಡಿಸೆಂಬರಿನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದ. ಇನ್ನು ಮುಂದೆ ಮಾಂತ್ರಿಕರು ಯಂತ್ರ ನೋಡಿಕೊಳ್ಳುವ ತಂತ್ರಜ್ಞರು ಮಾತ್ರ, ಜಗಳ ತೀರ್ಮಾನ ನಿಮ್ಮದು ಎಂಬುದು ಅದರ ತಾತ್ಪರ್ಯ. ಕುರ್ಚಿ ಬಿಟ್ಟ ರಾಜನ ಕತೆಗಳನ್ನು ನಾವು ಗೌರವದಿಂದ ಕೇಳುತ್ತೇವೆ. ಈ ರಾಜ ಕುರ್ಚಿ ಬಿಟ್ಟ, ಆದರೆ ಕರೆಂಟಿನ ಮೇನ್ ಸ್ವಿಚ್ ಇರುವ ಕೋಣೆಯ ಬೀಗದ ಕೈ ಜೇಬಿನಲ್ಲೇ ಇತ್ತು.

ನಾಲ್ಕು ತಿಂಗಳೂ ಕಳೆಯಲಿಲ್ಲ. 1993ರ ಮಾರ್ಚಿನಲ್ಲಿ ಮಿಸ್ಟರ್ ಬಂಗಲ್ ಎಂಬ ವಿದೂಷಕ ಪಾತ್ರವೊಂದು ನಡುಮನೆಯಲ್ಲಿ ಬೇರೆಯವರ ಪಾತ್ರಗಳನ್ನು ತನ್ನ ಹಿಡಿತಕ್ಕೆ ತಂದುಕೊಳ್ಳುವ ಬೊಂಬೆಯೊಂದನ್ನು ಬಳಸಿ, ಎಲ್ಲರೆದುರು ಅವರ ಮೇಲೆ ಲೈಂಗಿಕ ಹಿಂಸೆಯ ವರ್ಣನೆಗಳನ್ನು ಹರಿಸಿತು. ಇದು ನಗುವ ಮಾತಲ್ಲ. ಬರೀ ಅಕ್ಷರ ತಾನೇ ಎನ್ನುವವರು ತಮ್ಮ ಮನೆಯವರ ಬಗ್ಗೆ ಊರ ಗೋಡೆಯ ಮೇಲೆ ಬರೆದದ್ದನ್ನು ಓದಿದಾಗ ಹೀಗನ್ನುವುದಿಲ್ಲ. ನಗು ಬರುವುದು ಆಮೇಲೆ ನಡೆದದ್ದಕ್ಕೆ.

ಊರು ಸಭೆ ಸೇರಿತು. ಕಾನೂನು ಬರೆಯೋಣ ಎಂದವರು ಒಂದು ಕಡೆ. ಮಾಂತ್ರಿಕರೇ ಮತ್ತೆ ಬಂದು ಆಳಲಿ ಎಂಬ ರಾಜಭಕ್ತರು ಇನ್ನೊಂದು ಕಡೆ. ಯಾವ ಅಧಿಕಾರವೂ ಬೇಡ ಎಂಬ ಅರಾಜಕವಾದಿಗಳು ಮತ್ತೊಂದು ಕಡೆ. ಅವನ ಮಾತು ಕಾಣದಂತೆ ಮಾಡುವ ಆಜ್ಞೆ ಇದೆಯಲ್ಲ, ಟೈಪ್ ಮಾಡಿ ಸುಮ್ಮನಿರಿ ಎಂದು ಉಪದೇಶಿಸಿದ ತಂತ್ರಜ್ಞಾನಪ್ರಿಯರೂ ಇದ್ದರು. ಕಲ್ಲು ಬೀಳುತ್ತಿರುವಾಗ ಕಣ್ಣು ಮುಚ್ಚಿಕೊಳ್ಳಿ ಎನ್ನುವ ಈ ಪಂಗಡ ಎಲ್ಲ ಊರಲ್ಲೂ ಇದೆ, ಎಲ್ಲ ಕಾಲದಲ್ಲೂ ಚೆನ್ನಾಗಿಯೇ ಇರುತ್ತದೆ. ಗಂಟೆಗಟ್ಟಲೆ ಚರ್ಚೆಯಾಯಿತು. ನಡುವೆ ಆರೋಪಿಯೇ ಸಭೆಗೆ ಬಂದ. ಇದೊಂದು ಮಾನಸಿಕ ಪ್ರಯೋಗ, ನಿಜಜೀವನಕ್ಕೆ ಸಂಬಂಧವಿಲ್ಲ ಎಂಬರ್ಥದ ಸಮಜಾಯಿಷಿ ಕೊಟ್ಟ. ‘ಅದು ನಾನಲ್ಲ, ನನ್ನ ಪಾತ್ರ’ ಎಂಬ ಈ ವಾದವನ್ನು ಇವತ್ತಿನ ಮಾಡರೇಟರುಗಳು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ. ಪಾತ್ರ ಮಾಡಿದ ಅವಮಾನಕ್ಕೆ ಆಟಗಾರ ಹೊಣೆಯಲ್ಲ, ಪಾತ್ರಕ್ಕೆ ಸಿಕ್ಕ ಹೊಗಳಿಕೆ ಮಾತ್ರ ನೇರವಾಗಿ ಆಟಗಾರನಿಗೆ ಜಮಾ.

ಸಭೆ ಯಾವ ತೀರ್ಮಾನಕ್ಕೂ ಬರಲಿಲ್ಲ. ಎಲ್ಲರೂ ಚದುರಿದ ಮೇಲೆ ಜೋಫೀಡ್‌ಬ್ಯಾಕ್ ಎಂಬ ಹೆಸರಿನ ಮಾಂತ್ರಿಕನೊಬ್ಬ ಒಬ್ಬನೇ ಯೋಚಿಸಿ, ಒಂದು ಆಜ್ಞೆ ಟೈಪ್ ಮಾಡಿ ಬಂಗಲ್ ಪಾತ್ರವನ್ನು ಅಳಿಸಿಹಾಕಿದ. ಪ್ರಜಾಪ್ರಭುತ್ವ ಬಾಯಾರಿ ನೀರು ಕುಡಿಯಲು ಎದ್ದು ಹೋಗಿದ್ದ ಹೊತ್ತಲ್ಲಿ ಕೆಲಸ ಮುಗಿಯಿತು. ಸ್ವಲ್ಪ ದಿನದಲ್ಲೇ ಅದೇ ಆಸಾಮಿ ಡಾಕ್ಟರ್ ಜೆಸ್ಟ್ ಎಂಬ ಹೊಸ ಹೆಸರಲ್ಲಿ ಮರಳಿ ಬಂದ. ಪುನರ್ಜನ್ಮಕ್ಕೆ ನಮ್ಮಲ್ಲಿ ಕರ್ಮ ಬೇಕು, ಅಲ್ಲಿ ಇನ್ನೊಂದು ಇಂಟರ್‌ನೆಟ್ ಖಾತೆ ಸಾಕಿತ್ತು. ಜೂಲಿಯನ್ ಡಿಬೆಲ್ ಈ ಪ್ರಕರಣವನ್ನು 1993ರ ಡಿಸೆಂಬರಿನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದ ಮೇಲೆ, ಒಂದು ಆಟದ ಮನೆಯ ರಂಪ ಕಾನೂನು ಪಂಡಿತರ ಅಧ್ಯಯನದ ವಸ್ತುವಾಯಿತು.

ಬಂಗಲ್ ರಂಪದ ಹೊತ್ತಿಗೆ ಪ್ರವಾಸದಲ್ಲಿದ್ದ ಕರ್ಟಿಸ್ ಮರಳಿ ಬಂದು ನಡೆದದ್ದನ್ನೆಲ್ಲ ಓದಿ, ಜನರಿಗೆ ಅವರ ಪ್ರಜಾಪ್ರಭುತ್ವವನ್ನು ಮೇಲಿನಿಂದ ಇಳಿಸಿಕೊಟ್ಟ. ಯಾರು ಬೇಕಾದರೂ ಮನವಿ ಬರೆಯಬಹುದು. ನಿಗದಿಯಾದಷ್ಟು ಸಹಿ ಬಿದ್ದರೆ ಅದು ಮಾಂತ್ರಿಕರ ಪರಿಶೀಲನೆಗೆ ಹೋಗುತ್ತದೆ. ಅವರು ಒಪ್ಪಿದರೆ ಮತದಾನ. ವಿರೋಧದ ಎರಡು ಪಟ್ಟು ಪರ ಮತ ಬಿದ್ದರೆ ಅದು ಊರಿನ ಶಾಸನ. ನಡುವಿನ ಆ ‘ಅವರು ಒಪ್ಪಿದರೆ’ ಎಂಬ ಎರಡು ಪದಗಳ ಮೇಲೆ ಎಷ್ಟು ರಾಜ್ಯಶಾಸ್ತ್ರ ಬೇಕಾದರೂ ಬರೆಯಬಹುದು. ಮತದಾನದಿಂದ ಪಂಚಾಯ್ತಿದಾರರ ವ್ಯವಸ್ಥೆ ಹುಟ್ಟಿತು. ಪಂಚಾಯ್ತಿ ಹುಟ್ಟಿದ್ದೇ ತಡ ವ್ಯಾಜ್ಯಗಳು ಹುಟ್ಟಿದವು. ಹಾರುವ ಕಂಬಳಿ ನೇಯಬಲ್ಲ ಜನ, ಕಡಲ ತಳದಲ್ಲಿ ಮನೆ ಮಾಡಬಲ್ಲ ಜನ, ಎಲ್ಲ ಬಿಟ್ಟು ತೀರ್ಪಿನ ಮೇಲೆ ಮೇಲ್ಮನವಿ ಬರೆಯಲು ಕೂತರು. ವಕೀಲರಾಗಲು ಅಲ್ಲಿ ಸನ್ನದು ಬೇಡ, ಬಿಡುವು ಇದ್ದರೆ ಆಯಿತು. ಬಿಡುವು ವಿದ್ಯಾರ್ಥಿಗಳಲ್ಲಿ ಧಾರಾಳವಾಗಿತ್ತು.

1996ರ ಮೇ ತಿಂಗಳಲ್ಲಿ ಎರಡನೇ ಪ್ರಕಟಣೆ ಬಂತು. ಸಾಮಾಜಿಕ ತೀರ್ಮಾನಗಳಿಂದ ದೂರ ಇರುತ್ತೇವೆ ಎಂದದ್ದು ಆಗದ ಮಾತು, ಇನ್ನು ಆ ಸೋಗು ಬಿಟ್ಟೆವು ಎಂದು ಮಾಂತ್ರಿಕರು ಒಪ್ಪಿಕೊಂಡರು. ಇದನ್ನು ಸೋಲು ಎಂದವರಿದ್ದಾರೆ, ದ್ರೋಹ ಎಂದವರೂ ಇದ್ದಾರೆ. ನನಗೆ ಇಡೀ ಕತೆಯಲ್ಲಿ ಪ್ರಾಮಾಣಿಕವಾಗಿ ಕಂಡದ್ದು ಇದೊಂದೇ ಕಾಗದ. ಯಾರಿಗೆ ಎಷ್ಟು ಬೈಟು, ಯಾವ ಆಜ್ಞೆ ಯಾರ ಕೈಗೆ, ಯಾವ ದೂರು ‘ಬರೀ ತಾಂತ್ರಿಕ’ ಎಂದು ತೀರ್ಮಾನಿಸುವುದೇ ಆಡಳಿತ. ‘ನನ್ನದೇನೂ ಇಲ್ಲ, ಸಿಸ್ಟಮ್ ತಗೊಳ್ತಿಲ್ಲ’ ಎನ್ನುವ ಕಿಟಕಿಯಾಚೆಯ ಗುಮಾಸ್ತನಿಗೆ ಇದು ಹುಟ್ಟಾ ಗೊತ್ತು. ಮಾಂತ್ರಿಕರಿಗೆ ತಿಳಿಯಲು ಮೂರೂವರೆ ವರ್ಷ ಹಿಡಿಯಿತು.

ಇಷ್ಟೆಲ್ಲ ಅಧಿಕಾರಕ್ಕೆ ಸಂಬಳವೆಷ್ಟು? ಈ ಪ್ರಶ್ನೆಯೂ ಕೋರ್ಟಿಗೆ ಹೋಗಿದೆ. ಅಮೆರಿಕಾ ಆನ್‌ಲೈನ್ ಕಂಪನಿಯ ಹರಟೆಕೋಣೆಗಳನ್ನು ಕಾಯುತ್ತಿದ್ದ ಸ್ವಯಂಸೇವಕರು 1999ರಲ್ಲಿ ಕನಿಷ್ಠ ವೇತನ ಕೊಡಿ ಎಂದು ದಾವೆ ಹೂಡಿದರು. ತರಬೇತಿ ಇತ್ತು, ಪಾಳಿ ಇತ್ತು, ವರದಿ ಒಪ್ಪಿಸಬೇಕಿತ್ತು, ಪ್ರತಿಫಲವಾಗಿ ಸಿಗುತ್ತಿದ್ದದ್ದು ಬಿಟ್ಟಿ ಇಂಟರ್‌ನೆಟ್. ದಶಕದಷ್ಟು ಕಾಲ ಎಳೆದು 1.5 ಕೋಟಿ ಡಾಲರಿಗೆ ರಾಜಿಯಾಯಿತು. ಕಂಪನಿಯ ಆಸ್ತಿ ಕಾಯ್ದವರಿಗೆ ಅಷ್ಟಾದರೂ ದಕ್ಕಿತು. ಹವ್ಯಾಸಕ್ಕೆ ಊರು ಕಟ್ಟಿಕೊಂಡವರು ಯಾರ ಮೇಲೆ ಕೇಸು ಹಾಕಬೇಕು? ಅವರಿಗೆ ಸಿಗುವುದು ಹೆಸರಿಗೆ ಬೇರೆ ಬಣ್ಣ, ಅಷ್ಟೇ. ಆ ಬಣ್ಣಕ್ಕಾಗಿ ನಡೆಯುವ ಲಾಬಿ ನೋಡಿದರೆ ನಿಗಮ ಮಂಡಳಿ ಆಕಾಂಕ್ಷಿಗಳು ಪಾಠ ಕಲಿಯಬೇಕು.

ಬಣ್ಣ ಸಿಕ್ಕಿದವರು ಮೊದಲು ಕಳೆದುಕೊಳ್ಳುವುದು ಆಟವನ್ನು. ಅವರ ಸ್ವಂತ ಪಾತ್ರ ಒಂದು ಕಾಲು ಛತ್ರದ ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಎರಡು ವರ್ಷದಿಂದ ನಿಂತಿರುತ್ತದೆ. ಮುಂದಿನ ಸಾಲು ಬರೆಯಲು ಕೂತಾಗಲೆಲ್ಲ ಒಂದು ದೂರು. ಪ್ರೇಮಿಗಳ ಪಾತ್ರಗಳು ಬೇರೆಯಾಗಿವೆ, ಆಟಗಾರರೂ ಮಾತು ಬಿಟ್ಟಿದ್ದಾರೆ, ಮಧ್ಯೆ ಹುಟ್ಟಿದ ಪಾತ್ರದ ಮಗು ಯಾರ ಪಾಲಿಗೆ ಎಂದು ನೀವೇ ಹೇಳಿ. ಯುದ್ಧ ನಿಂತಿದೆ, ಸೇನಾಪತಿಗೆ ಸೆಮಿಸ್ಟರ್ ಪರೀಕ್ಷೆ. ವಿಷಕನ್ಯೆ ಒಂದೇ ಸಾಲಿನ ಉತ್ತರ ಬರೆದು ನಮ್ಮ ನಾಲ್ಕು ಪ್ಯಾರಾಗೆ ಅವಮಾನ ಮಾಡಿದ್ದಾಳೆ. ಚಕ್ರವರ್ತಿ ಮೂರು ತಿಂಗಳಿಂದ ನಾಪತ್ತೆ, ಬಡಾವಣೆಯ ಹಕ್ಕುಪತ್ರದಂತೆ ಸಿಂಹಾಸನ ಮಾತ್ರ ಅವನ ಹೆಸರಲ್ಲೇ ಇದೆ.

ಒಂದು ದಿನ ಮಾಡರೇಟರ್ ವಿದಾಯಪತ್ರ ಬರೆಯುತ್ತಾನೆ. ದೀರ್ಘ ಪತ್ರ, ಅದರಲ್ಲಿ ಯಾರ ಹೆಸರೂ ಇಲ್ಲ, ಆದರೆ ಎಲ್ಲರಿಗೂ ತಮ್ಮದೇ ಹೆಸರು ಕಾಣುತ್ತದೆ. ಕಣ್ಣೀರಿನ ಇಮೋಜಿಗಳು ಸುರಿಯುತ್ತವೆ. ಅದೇ ರಾತ್ರಿ ಊರಿನ ಅರ್ಧ ಜನ, ಈ ಸರ್ವಾಧಿಕಾರ ಸಾಕು, ನಮಗೆ ನಾವೇ ದೊರೆಗಳು ಎಂದು ಪಕ್ಕದಲ್ಲಿ ಹೊಸ ಊರು ತೆರೆಯುತ್ತಾರೆ. ಸ್ವಾತಂತ್ರ್ಯ ಘೋಷಣೆಯ ಜೊತೆಗೆ ನಿಯಮಾವಳಿಯೂ ಬೇಕಲ್ಲ, ಕೂತು ಬರೆಯುವಷ್ಟು ತಾಳ್ಮೆ ಯಾರಿಗಿದೆ? ಹಳೆಯದನ್ನೇ ಪೂರ್ತಿ ಕಾಪಿ ಮಾಡಿ ಅಂಟಿಸುತ್ತಾರೆ. ಡ್ರ್ಯಾಗನ್‌ನ ಪೂರ್ವಾನುಮತಿಯೂ ಬರುತ್ತದೆ, ಅವಳಿ ತಮ್ಮನ ನಿಷೇಧವೂ ಬರುತ್ತದೆ. ಕೊನೆಯ ಸಾಲಿನಲ್ಲಿ, ಎಲ್ಲ ವಿವಾದಗಳಲ್ಲೂ ಅಂತಿಮ ತೀರ್ಮಾನ ಇವರದೇ ಎಂದು ಹಳೆಯ ಮಾಡರೇಟರ್ ಹೆಸರು ಹಾಗೆಯೇ ಉಳಿದಿರುತ್ತದೆ. ಅದನ್ನು ಅಳಿಸಬೇಕೇ ಬೇಡವೇ ಎಂದು ಹೊಸ ಊರಿನಲ್ಲಿ ಮೊದಲ ಮತದಾನ.