ರೇ ಗನ್ ಶಾಸನ: ಲಿಪಿ, ಕಾಲ, ಪಾಠನಿರ್ಣಯ

ಅಮೆರಿಕದ ಕ್ಯಾಲಿಫೋರ್ನಿಯ ಸೀಮೆಯ ಸ್ಯಾಂಟ ಮೋನಿಕ ಎಂಬ ಕಡಲತಡಿಯ ಊರಿನಿಂದ ಹೊರಟ ‘ರೇ ಗನ್’ ಎಂಬ ಬರಹ ಎಪಿಗ್ರಾಫಿಯ ಕರ್ನಾಟಿಕದ ಯಾವ ಸಂಪುಟಕ್ಕೂ ಸೇರದೆ ಉಳಿದಿರುವುದು ನಮ್ಮ ಶಾಸನಾಧ್ಯಯನ ಕ್ಷೇತ್ರದ ದೊಡ್ಡ ಕೊರತೆ. ಇದಕ್ಕಾಗಿ ಆ ಶಾಸನ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಸಾಹೇಬರನ್ನು ದೂರುವಂತಿಲ್ಲ. ಅವರು ತೀರಿಕೊಂಡು 65 ವರ್ಷಗಳಾದ ಮೇಲೆ ಈ ಬರಹ ಬೆಳಕಿಗೆ ಬಂತು. ಆದರೆ ಆಮೇಲಿನ ವಿದ್ವಾಂಸರು ಇದನ್ನು ಪರ್ಯಾಯ ಸಂಗೀತದ ಮಾಸಪತ್ರಿಕೆ ಎಂದು ಕರೆದು ಪಕ್ಕಕ್ಕೆ ತಳ್ಳಿದ್ದು ಅಕ್ಷಮ್ಯ. ಪತ್ರಿಕೆ ಎಂದರೆ ಓದಲು ಬರುವಂಥದ್ದು. ಇದು ಓದಲು ಬರುವುದಿಲ್ಲ. ಆದ್ದರಿಂದ ಇದು ಶಾಸನ ಎಂಬುದು ಸೂರ್ಯಸ್ಪಷ್ಟ.

ಕಾಲನಿರ್ಣಯದಲ್ಲಿ ತೊಡಕಿಲ್ಲ. ಹಲ್ಮಿಡಿ ಶಾಸನದ ಕಾಲ ಯಾವುದೆಂದು ನಮ್ಮವರು ಇನ್ನೂ ಜಗಳವಾಡುತ್ತಿದ್ದಾರೆ. ರೇ ಗನ್‌ನ ಮೊದಲ ಸಂಚಿಕೆ 1992ರ ನವೆಂಬರಿನದು ಎಂಬುದಕ್ಕೆ ಯಾರ ತಕರಾರೂ ಇಲ್ಲ. ಮುಖಪುಟದಲ್ಲಿ ಹೆನ್ರಿ ರಾಲಿನ್ಸ್ ಎಂಬ ವೀರ. ಬರೆಯಿಸಿದವನು ಮಾರ್ವಿನ್ ಸ್ಕಾಟ್ ಜ್ಯಾರೆಟ್. ಕಂಡರಿಸಿದ ರೂವಾರಿ ಡೇವಿಡ್ ಕಾರ್ಸನ್. ಈತನ ಪೂರ್ವಾಶ್ರಮ ಗಮನಾರ್ಹ. ಓದಿದ್ದು ಸಮಾಜಶಾಸ್ತ್ರ, ಹೊಟ್ಟೆಪಾಡಿಗೆ ಹೈಸ್ಕೂಲು ಮೇಷ್ಟ್ರ ಕೆಲಸ, ಪ್ರೀತಿಗೆ ಕಡಲ ಅಲೆಯ ಮೇಲೆ ಹಲಗೆ ಸವಾರಿ. ಪುಟವಿನ್ಯಾಸ ಕಲಿತದ್ದು ಬಹುಮಟ್ಟಿಗೆ ಕೆಲವೇ ವಾರಗಳ ಕಮ್ಮಟಗಳಲ್ಲಿ. ಗುರುಕುಲದಲ್ಲಿ ಹೆಚ್ಚು ದಿನ ನಿಲ್ಲದ ಕಾರಣ ಏನೇನು ಮಾಡಬಾರದು ಎಂಬ ಪಟ್ಟಿ ಆತನ ಕೈಗೆ ಸಿಗಲಿಲ್ಲವೆಂದು ಕಾಣುತ್ತದೆ.

ಲಿಪಿಲಕ್ಷಣಕ್ಕೆ ಬರೋಣ. ಅಂಕಣಗಳ ನಡುವೆ ಇರಬೇಕಾದ ಬಿಳಿ ಓಣಿ ಇಲ್ಲ. ಎಡದ ಸಾಲು ಬಲದ ಸಾಲಿಗೆ ಡಿಕ್ಕಿ ಹೊಡೆದು ಅಲ್ಲೇ ನಿಲ್ಲುತ್ತದೆ. ಒಂದು ಪಂಕ್ತಿಯ ಬೆನ್ನೇರಿ ಇನ್ನೊಂದು ಪಂಕ್ತಿ ಕೂರುತ್ತದೆ. ಶೀರ್ಷಿಕೆಯ ಅಕ್ಷರಗಳು ಕೆಲವು ತಲೆಕೆಳಗು, ಕೆಲವು ಅರ್ಧ, ಕೆಲವು ಪುಟದ ಅಂಚಿನಾಚೆಗೆ ವಲಸೆ. ಪದಗಳ ನಡುವೆ ಜಾಗ ಬಿಡದ ಹಳಗನ್ನಡ ಶಾಸನಗಳಲ್ಲಿ ಪಳಗಿದ ಕಣ್ಣಿಗೆ ಇದರಿಂದ ಗಾಬರಿಯಾಗಬೇಕಿಲ್ಲ. ಆದರೆ ಒಂದು ವ್ಯತ್ಯಾಸವನ್ನು ದಾಖಲಿಸಬೇಕು. ನಮ್ಮ ಕಲ್ಲುಗಳನ್ನು ಮಳೆ, ಬಿಸಿಲು, ದನಕರು ಮತ್ತು ಬಟ್ಟೆ ಒಗೆಯುವವರು ಸೇರಿ ಶತಮಾನಗಳ ಕಾಲ ಸವೆಸಿದರು. ಇಲ್ಲಿ ಸವೆತ ಅಂಗಡಿಗೆ ಬರುವ ಮುನ್ನವೇ ಮುಗಿದಿರುತ್ತದೆ. ಇದೇ ರೂವಾರಿ ರೇ ಗನ್‌ಗಿಂತ ಮೊದಲು ‘ಬೀಚ್ ಕಲ್ಚರ್’ ಎಂಬ ಪತ್ರಿಕೆಯಲ್ಲಿ, ಕಣ್ಣು ಕಾಣದ ಅಲೆಸವಾರನೊಬ್ಬನ ಕುರಿತ ಲೇಖನಕ್ಕೆ ಎದುರುಬದುರಿನ ಎರಡು ಪುಟಗಳನ್ನು ಕಪ್ಪು ಬಳಿದು ಆರಂಭ ಕೊಟ್ಟಿದ್ದ. ‘ಇಲ್ಲಿಂದ ಮುಂದೆ ತ್ರುಟಿತ’ ಎಂದು ನಾವು ಬರೆಯುವ ಟಿಪ್ಪಣಿಯನ್ನು ಇಷ್ಟು ಪೂರ್ಣವಾಗಿ ಯಾರೂ ಆಚರಣೆಗೆ ತಂದದ್ದಿಲ್ಲ.

ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತ ಹೇಳುವುದು ಸಂಪ್ರದಾಯವಲ್ಲ. 1930ರಲ್ಲಿ ಲಂಡನ್ನಿನಲ್ಲಿ ಬಿಯಾಟ್ರಿಸ್ ವಾರ್ಡ್ ಎಂಬ ವಿದುಷಿ ಅಚ್ಚಿನವರ ಮುಂದೆ ಮಾತಾಡುತ್ತ, ಒಳ್ಳೆಯ ಅಕ್ಷರಜೋಡಣೆ ದ್ರಾಕ್ಷಾರಸ ತುಂಬಿದ ಸ್ಫಟಿಕದ ಬಟ್ಟಲಿನಂತಿರಬೇಕು, ರಸ ಕಾಣಬೇಕೇ ಹೊರತು ಬಟ್ಟಲು ಕಾಣಬಾರದು ಎಂದು ವಾದಿಸಿದರು. ವಾದದಲ್ಲಿ ದೋಷವಿಲ್ಲ. ಆದರೆ ಅವರ ಮನಸ್ಸಿನಲ್ಲಿದ್ದ ಓದುಗ ಬಟ್ಟಲಿನಲ್ಲಿ ಕುಡಿಯುವವನು. ರೇ ಗನ್‌ನ ಓದುಗ ಶೀಶೆಗೇ ಬಾಯಿ ಹಚ್ಚುವವನು, ಆಮೇಲೆ ಶೀಶೆ ಒಡೆಯುವವನು. ಆಂಪ್ಲಿಫೈಯರನ್ನು ಕಿವಿ ಹರಿಯುವಷ್ಟು ತಿರುವಿ, ಗಿಟಾರನ್ನು ಅದರ ಮುಂದೆಯೇ ಹಿಡಿದು ಊಳಿಡಿಸುವ ಸಂಗೀತದ ವರದಿಯನ್ನು ವಿವಾಹ ಆಮಂತ್ರಣದ ಅಕ್ಷರದಲ್ಲಿ ಅಚ್ಚು ಹಾಕಿದರೆ ಆ ಓದುಗ ನಂಬುವನೇ? ಹಾಡಿನಲ್ಲಿ ಗಾಯಕ ಏನು ಒದರುತ್ತಾನೆಂದೇ ಅರ್ಥವಾಗದೆ ಸಂತೋಷಪಡುವವನು ಪುಟದಲ್ಲೂ ಅದೇ ಸಂತೋಷವನ್ನು ಬಯಸುತ್ತಾನೆ. ಗೊತ್ತಾದರೆ ಅವನ ಅಪ್ಪನಿಗೂ ಗೊತ್ತಾದೀತು, ಅಪ್ಪನಿಗೆ ಗೊತ್ತಾದ ಮೇಲೆ ಅದರಲ್ಲಿ ಉಳಿಯುವುದೇನು? ಇದೇ ನಮ್ಮ ಸಿದ್ಧಾಂತ. ಇದನ್ನು ಪಿಎಚ್‌.ಡಿ.ಗೆ ವಿಸ್ತರಿಸುವ ಉದ್ದೇಶವಿದೆ. ಮಾರ್ಗದರ್ಶಕರು ಓದಿಲ್ಲವಾದ್ದರಿಂದ ಒಪ್ಪಿದ್ದಾರೆ.

ಈಗ ಈ ಶಾಸನಸಮೂಹದ ಅತ್ಯಂತ ಕಠಿಣ ಭಾಗ. 1994ರಲ್ಲಿ ಬ್ರಯನ್ ಫೆರಿ ಎಂಬ ಇಂಗ್ಲಿಷ್ ಗಾಯಕನ ಸಂದರ್ಶನವೊಂದು ರೂವಾರಿಯ ಮೇಜಿಗೆ ಬಂತು. ಓದಿದ, ಸಪ್ಪೆ ಎನಿಸಿತು. ಇಂಥ ಸಂದರ್ಭದಲ್ಲಿ ಬೇರೆಡೆಯ ಸಂಪಾದಕರು ಆಕಳಿಸಿ ಅಚ್ಚಿಗೆ ಕಳಿಸುತ್ತಾರೆ. ಕಾರ್ಸನ್ ಇಡೀ ಸಂದರ್ಶನವನ್ನು ಜ್ಯಾಫ್ ಡಿಂಗ್‌ಬ್ಯಾಟ್ಸ್ ಎಂಬ ಫಾಂಟಿಗೆ ಬದಲಿಸಿದ. ಹರ್ಮನ್ ಜ್ಯಾಫ್ 1978ರಲ್ಲಿ ಹೊರತಂದ ಈ ಫಾಂಟಿನಲ್ಲಿ ಅಕ್ಷರಗಳೇ ಇಲ್ಲ. ಕತ್ತರಿ, ಟೆಲಿಫೋನು, ಲಕೋಟೆ, ಪೆನ್ಸಿಲು, ಹೂವು, ನಕ್ಷತ್ರಗಳಿವೆ. ಫೆರಿ ಹೇಳಿದ್ದೆಲ್ಲ ಚಿಹ್ನೆಗಳ ಸಾಲಾಗಿ ನಿಂತಿತು.

ಲಿಪಿ ಒಡೆಯುವ ಕೆಲಸಕ್ಕೆ ನಾವು ಹಿಂಜರಿಯಲಿಲ್ಲ. ಈ ಫಾಂಟಿನಲ್ಲಿ ಕೀಲಿಮಣೆಯ ಪ್ರತಿ ಕೀಲಿಗೂ ಒಂದು ಚಿಹ್ನೆ ನಿಗದಿ. ಸಣ್ಣ ‘ಇ’ ಒತ್ತಿದರೆ ಹಿಮದ ಹರಳು ಬೀಳುತ್ತದೆ, ಅಲ್ಪವಿರಾಮಕ್ಕೆ ಎರಡು ಬೆರಳೆತ್ತಿದ ವಿಜಯದ ಕೈ, ಪೂರ್ಣವಿರಾಮಕ್ಕೆ ಪೆನ್ಸಿಲು, ಆಶ್ಚರ್ಯಸೂಚಕಕ್ಕೆ ಕತ್ತರಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ‘ಇ’ ಆದ್ದರಿಂದ ಪುಟದ ಹವಾಮಾನವು ಶೀತಲವೆಂದು ಊಹಿಸಬಹುದು. ಫೆರಿ ಉಸಿರು ತೆಗೆದುಕೊಂಡಲ್ಲೆಲ್ಲ ವಿಜಯ, ಮಾತು ಮುಗಿಸಿದಲ್ಲೆಲ್ಲ ಪೆನ್ಸಿಲು. ಸಂದರ್ಶನ ಸಪ್ಪೆಯೆಂದು ರೂವಾರಿಯೇ ಸಾರಿರುವುದರಿಂದ ಕತ್ತರಿಗಳು ವಿರಳವಾಗಿರಲೇಬೇಕು. ಈ ಒಂದು ಸೂತ್ರವನ್ನು ಬೇರೆ ಸಂದರ್ಶನಗಳಿಗೂ ಅನ್ವಯಿಸಿ, ಕತ್ತರಿಗಳ ಸಾಂದ್ರತೆಯಿಂದಲೇ ಗಾಯಕರ ಸ್ವಾರಸ್ಯವನ್ನು ಅಳೆಯಬಹುದೆಂದು ನಾವು ಸೂಚಿಸುತ್ತೇವೆ. ಅದೇ ಸಂಚಿಕೆಯ ಹಿಂಭಾಗದಲ್ಲಿ ಇಡೀ ಪಾಠ ಓದಬಲ್ಲ ಅಕ್ಷರದಲ್ಲಿ ಇದೆಯಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಅದು ಪ್ರಕ್ಷಿಪ್ತ. ಅರ್ಥವಾಗುತ್ತದೆ ಎಂಬುದೇ ಅದಕ್ಕೆ ಸಾಕಷ್ಟು ಪುರಾವೆ.

ಪರಂಪರೆಯ ವಿಚಾರ ಸಂಕ್ಷೇಪವಾಗಿ. 1976ರ ಬೇಸಿಗೆಯಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರಿ ಟೈಪ್‌ರೈಟರಿನಲ್ಲಿ ಕುಟ್ಟಿ, ಸ್ಕೆಚ್ ಪೆನ್ನಿನಲ್ಲಿ ಶೀರ್ಷಿಕೆ ಗೀಚಿ, ಜೆರಾಕ್ಸ್ ಮಾಡಿ ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಪತ್ರಿಕೆ ಹೊರಡಿಸಿದ. ಕಾಟು ಹೊಡೆದ ತಪ್ಪುಗಳು ಹಾಗೆಯೇ ಉಳಿದವು. ಅವನಿಗೆ ತಿದ್ದಲು ಪುರುಸೊತ್ತಿರಲಿಲ್ಲ. ಅನುಯಾಯಿಗಳಾದರೋ ಪುರುಸೊತ್ತು ಮಾಡಿಕೊಂಡು ಕಾಟು ಹೊಡೆದರು. 80ರ ದಶಕದಲ್ಲಿ ‘ದ ಫೇಸ್’ ಪತ್ರಿಕೆಯ ನೆವಿಲ್ ಬ್ರೋಡಿ ಪರಿವಿಡಿ ಪುಟದ ‘ಕಂಟೆಂಟ್ಸ್’ ಎಂಬ ಪದವನ್ನು ಸಂಚಿಕೆಯಿಂದ ಸಂಚಿಕೆಗೆ ತುಸು ತುಸುವೇ ಕರಗಿಸುತ್ತ ಬಂದು ಕಡೆಗೆ ಬರೀ ಗೀರುಗಳಾಗಿಸಿದ. ಓದುಗರು ದಾರಿ ತಪ್ಪಲಿಲ್ಲ. ಪರಿವಿಡಿಯನ್ನು ಯಾರೂ ಓದುವುದಿಲ್ಲ ಎಂಬ ಗುಟ್ಟು ಇದರಿಂದ ಬಯಲಾಯಿತು.

ಭಾಷೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಅಕ್ಷರ ಕಲಸಲು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದೇ ಫಲವನ್ನು ವಾಕ್ಯದಿಂದಲೇ ಸಾಧಿಸಬೇಕಿತ್ತು. 1980ರ ಆಸುಪಾಸಿನಲ್ಲಿ ಬ್ರಿಟನ್ನಿನ ‘ಎನ್‌ಎಂಇ’ ವಾರಪತ್ರಿಕೆಯಲ್ಲಿ ಪಾಲ್ ಮಾರ್ಲಿ, ಇಯನ್ ಪೆನ್ಮನ್ ಎಂಬ ತರುಣರು ರೆಕಾರ್ಡ್ ವಿಮರ್ಶೆಯೊಳಕ್ಕೆ ಬಾರ್ತ್, ದೆರಿದಾ ಮೊದಲಾದ ಫ್ರೆಂಚ್ ಪಂಡಿತರನ್ನು ಕರೆತಂದರು. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂಬ ಕ್ಷುಲ್ಲಕ ಮಾಹಿತಿ ಹುಡುಕುವವನು ಕೊನೆಯ ಪ್ಯಾರಾದವರೆಗೆ ನಡೆದು ಬರಿಗೈಯಲ್ಲಿ ಮರಳಬೇಕಾಯಿತು. ಕನ್ನಡ ವಿಮರ್ಶೆಯ ಅಭ್ಯಾಸವಿದ್ದವರಿಗೆ ಇದರಲ್ಲಿ ಹೊಸತೇನೂ ಕಾಣದು.

ಮುಖಪುಟ ಲೇಖನ ಎಂಬ ಪ್ರಕಾರ ಮಾತ್ರ ನಿಸ್ಸಂಶಯವಾಗಿ ವೀರಗಲ್ಲು. ಮೂರು ಪಟ್ಟಿಕೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾರು ಶೆಡ್ಡಿನಲ್ಲಿ ಕಾದಾಟ, ಕೆಟ್ಟು ನಿಂತ ವ್ಯಾನು, ಹತ್ತು ಜನ ಕೇಳುಗರು, ಅದರಲ್ಲಿ ಇಬ್ಬರು ಬಾರಿನವರು. ನಡುವಿನಲ್ಲಿ ದೊಡ್ಡ ರೆಕಾರ್ಡ್ ಕಂಪನಿಯ ಏಜೆಂಟರು ಅಪ್ಸರೆಯರಂತೆ ಎರಡು ಕಡೆಯಿಂದ ತೋಳು ಹಿಡಿದು ಮೇಲೊಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ವೀರ ಕೈಲಾಸದಲ್ಲಿ ಈಜುಕೊಳದ ಪಕ್ಕ ಕೂತು, ತನಗೆ ಕೈಲಾಸ ಬೇಕಿರಲಿಲ್ಲ ಎನ್ನುತ್ತಾನೆ.

ನಿಘಂಟಿನ ಸಾಕ್ಷ್ಯವೂ ಇದೆ. ರೇ ಗನ್ ಹುಟ್ಟಿದ ಅದೇ 1992ರ ನವೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಸಿಯಾಟಲ್ ನಗರದ ಗ್ರಂಜ್ ಸಂಗೀತ ಪಂಗಡದ ಆಡುಮಾತಿನ ಪದಕೋಶವೊಂದನ್ನು ಪ್ರಕಟಿಸಿತು. ಸಪ್ಪೆ ಮನುಷ್ಯ ‘ಲೇಮ್‌ಸ್ಟೇನ್’. ಹರಿದ ಹಳೇ ಜೀನ್ಸು ‘ವ್ಯಾಕ್ ಸ್ಲ್ಯಾಕ್ಸ್’. ಕೈಲಾಗದವನು ‘ಕಾಬ್ ನಾಬ್ಲರ್’. ಗೆಳೆಯರೊಡನೆ ಸುಮ್ಮನೆ ಅಲೆದಾಡುವುದು ‘ಸ್ವಿಂಗಿಂಗ್ ಆನ್ ದ ಫ್ಲಿಪಿಟಿ ಫ್ಲಾಪ್’. ರನ್ನಕಂದದ ನಂತರ ಇಷ್ಟು ಮುತುವರ್ಜಿಯ ನಿಘಂಟು ಬಂದಿಲ್ಲವೆಂದು ಹಿಗ್ಗುವಷ್ಟರಲ್ಲಿ, ಮರುವರ್ಷ ‘ದ ಬ್ಯಾಫ್ಲರ್’ ಪತ್ರಿಕೆಯ ಥಾಮಸ್ ಫ್ರ್ಯಾಂಕ್ ಗುಟ್ಟು ಒಡೆದರು. ಸಬ್ ಪಾಪ್ ರೆಕಾರ್ಡ್ ಕಂಪನಿಯಲ್ಲಿ ಹಿಂದೆ ಸ್ವಾಗತಕಾರಿಣಿಯಾಗಿದ್ದ ಮೇಗನ್ ಜ್ಯಾಸ್ಪರ್ ಈ ಪದಗಳನ್ನೆಲ್ಲ ಫೋನಿನಲ್ಲೇ, ನಿಂತ ಕಾಲಲ್ಲೇ ಹುಟ್ಟಿಸಿದ್ದರು. ವರದಿಗಾರನಿಗೆ ಪದ ಬೇಕಿತ್ತು, ಇವರು ಕೊಟ್ಟರು. ಆಮೇಲೆ ಅವುಗಳನ್ನು ಅಚ್ಚೊತ್ತಿದ ಟೀ ಶರ್ಟುಗಳೂ ಸಿಯಾಟಲ್‌ನಲ್ಲಿ ಮಾರಾಟವಾದವು. ಪ್ರಯೋಗ ಮೊದಲು, ಕೋಶ ಆಮೇಲೆ ಎಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಪುನರ್ವಿಮರ್ಶೆಗೆ ಅರ್ಹ.

ಇನ್ನುಳಿದದ್ದು ದಾನಭಾಗ. 1995ರಲ್ಲಿ ಕಾರ್ಸನ್ ರೇ ಗನ್ ತೊರೆದ. ಅದೇ ವರ್ಷ ಆತನ ಕೆಲಸದ ಸಂಗ್ರಹ ‘ದಿ ಎಂಡ್ ಆಫ್ ಪ್ರಿಂಟ್’, ಅಂದರೆ ಅಚ್ಚಿನ ಅಂತ್ಯ, ಅಚ್ಚಾಗಿ ಬಂತು. ನೈಕಿಯವರು, ಪೆಪ್ಸಿಯವರು ಆತನನ್ನು ಹುಡುಕಿಕೊಂಡು ಹೋದರು. ಅಪ್ಪನಿಗೆ ತಿಳಿಯಬಾರದೆಂದು ಕೆತ್ತಿದ ಲಿಪಿಯಲ್ಲಿ ಅಪ್ಪನೇ ಕೊಡಿಸುವ ಬೂಟಿನ, ತಂಪು ಪಾನೀಯದ ಜಾಹೀರಾತುಗಳು ಮೂಡಿದವು. ಗೀರು, ತೇಪೆ, ಅರ್ಧ ಅಕ್ಷರ ಎಲ್ಲ ಸ್ವಚ್ಛವಾಗಿ, ದುಬಾರಿ ಕಾಗದದ ಮೇಲೆ. ರೇ ಗನ್ 2000ದಲ್ಲಿ ನಿಂತಿತು. ಶಾಸನವನ್ನು ಕೆಡಿಸಿದವರು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವರೆಂಬ ಶಾಪಾಶಯ ಎಲ್ಲೂ ಕಾಣಲಿಲ್ಲ. ರೂವಾರಿಯೇ ಕೆಡಿಸಿ ಕೊಟ್ಟಿರುವಾಗ ಶಪಿಸುವುದಾದರೂ ಯಾರನ್ನು?

ಪಾಠಸಂಪಾದನೆಯ ಫಲಿತಾಂಶವನ್ನು ನಿವೇದಿಸಿ ಮುಗಿಸುತ್ತೇವೆ. ಈ ಇಡೀ ಶಾಸನಸಮೂಹದಲ್ಲಿ ಪಾಠಭೇದಕ್ಕೆ ಎಡೆಯೇ ಇಲ್ಲದ ಬರಹ ಒಂದೇ ಒಂದು: ಮುಖಪುಟದ ಬಾರ್‌ಕೋಡು. ಅದರ ಕಪ್ಪು ಗೆರೆಗಳನ್ನು ಕಾರ್ಸನ್ ಸೊಟ್ಟಗೆ ಮಾಡಲಿಲ್ಲ, ಒಂದರ ಮೇಲೊಂದು ಹೇರಲಿಲ್ಲ, ಅಂಚಿನಾಚೆಗೆ ತಳ್ಳಲಿಲ್ಲ. ಗಲ್ಲಾದ ಮೇಲೆ ಕೂತ ಹುಡುಗ ಕೆಂಪು ಬೆಳಕು ಹಾಯಿಸಿದ ಕೂಡಲೇ ಯಂತ್ರ ಕೀಂ ಎಂದು ಸರಿಯಾಗಿ ಓದಿಕೊಂಡು, ಕೊಡಬೇಕಾದ ಹಣವನ್ನು ತೋರಿಸಿತು.